ಹಳೇ ಕಾರಿಗೆ ಬೆಲೆ ಕಟ್ಟೋರು ಯಾರು?



ಮೂತಿ ನುಜ್ಜುಗುಜ್ಜಾದ ನನ್ನ ಕೆಂಪು ಕಾರಿನ ಫೋಟೋ ಹಾಕಿ ಎರಡೂವರೆ ತಿಂಗಳಾಯ್ತು. ಅವತ್ತಿಂದ ಇನ್‌ಬಾಕ್ಸಿನಲ್ಲಿ ಒಂದೇ ಪ್ರಶ್ನೆ: "ಅಣ್ಣಾ, ಕಾರು ಏನಾಯ್ತು? ಇನ್ಶೂರೆನ್ಸ್ ದುಡ್ಡು ಬಂತಾ?" ಇನ್ನು ಕೆಲವರದು ಸಲಹೆ: "ಅದನ್ನ ಗುಜರಿಗೆ ಹಾಕಿ, ಬೇರೆ ತಗೊಳ್ಳಿ." ಒಬ್ಬೊಬ್ಬರಿಗೂ ಉತ್ತರ ಬರೆಯೋ ಬದಲು ಎಲ್ಲಾನೂ ಇಲ್ಲೇ ಬರೀತಿದೀನಿ. ಉದ್ದ ಆಗುತ್ತೆ. ಆದ್ರೆ ನಮ್ಮಲ್ಲಿ ಬಹುಪಾಲು ಜನ ಓಡಿಸೋದು ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೇ, ಹಂಗಾಗಿ ಕೊನೆವರೆಗೂ ಓದಿ.

ಮೊದಲು ಕಾರಿನ ಪರಿಚಯ. ಫಿಯಟ್ ಪಾಲಿಯೋ 1.6, 2002ರ ಮಾಡೆಲ್. ಪಾಲಿಯೋ ನಮ್ಮ ದೇಶಕ್ಕೆ ಬಂದಿದ್ದು 2001ರಲ್ಲಿ, ಸಚಿನ್ ತೆಂಡೂಲ್ಕರ್ ಜಾಹೀರಾತು ನೆನಪಿರಬೇಕು. ಅದರಲ್ಲಿ ಈ 1.6 ಅನ್ನೋದು 1596 ಸಿಸಿ, 100 ಬಿಎಚ್‌ಪಿ ಎಂಜಿನ್. ಆ ಕಾಲದ ಸಣ್ಣ ಕಾರುಗಳ ಪೈಕಿ ಓಟಕ್ಕೆ ಹೆಸರಾಗಿದ್ದ ಗಾಡಿ. ಎರಡು ಬಾಗಿಲಿನ ಫೆರಾರಿ ಅಲ್ಲ, ಒಪ್ಕೋತೀನಿ. ನಮ್ಮ ಬೀದಿಯ ಹುಡುಗರಿಗೆ ಮಾತ್ರ ಅದೇ ಸ್ಪೋರ್ಟ್ಸ್ ಕಾರು. 2013ರಲ್ಲಿ 95,000 ರೂಪಾಯಿಗೆ ತಗೊಂಡಿದ್ದೆ. ನಮ್ಮಪ್ಪ ಮೂವತ್ತು ವರ್ಷ ಬೇರೆಯವರ ಕಾರುಗಳನ್ನ ಓಡಿಸಿದವನು. ಡೋರ್ ತೆಗೆದು ನಿಂತ್ಕೊಂಡವನೇ ಹೊರತು ಹಿಂದಿನ ಸೀಟಲ್ಲಿ ಕೂತವನಲ್ಲ. ಈ ಕಾರಿನ ಕೀ ಕೈಗೆ ಕೊಟ್ಟ ದಿನ ಅಪ್ಪ ಏನೂ ಮಾತಾಡ್ಲಿಲ್ಲ, ಬಾನೆಟ್ ಎತ್ತಿ ಆಯಿಲ್ ನೋಡ್ದ. ಈಗ ವಯಸ್ಸು ಎಪ್ಪತ್ತು ದಾಟಿದೆ, ಡ್ರೈವ್ ಮಾಡಲ್ಲ. ದಿನಾ ಬೆಳಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಎಂಜಿನ್ ಸದ್ದು ಕೇಳೋದು ಮಾತ್ರ ತಪ್ಪಿಸಲ್ಲ.

ಇನ್ನು ಅಪಘಾತ. ಮಳವಳ್ಳಿಯಲ್ಲಿ ಒಂದು ಸಭೆ ಮುಗಿಸಿ ಮದ್ದೂರಿನ ಕಡೆ ಬರ್ತಿದ್ದೆ, ರಾತ್ರಿ ಒಂಬತ್ತು. ಎಡಗಡೆ ಗದ್ದೆ ದಾರಿಯಿಂದ ಕಬ್ಬು ತುಂಬಿದ ಟ್ರಾಕ್ಟರ್ ದೀಪ ಇಲ್ಲದೆ ರಸ್ತೆಗೆ ಏರಿತು. ಬ್ರೇಕ್ ಹಿಡಿದೆ, ಆದ್ರೂ ಕಾರಿನ ಎಡ ಮೂಲೆ ಟ್ರೇಲರಿಗೆ ಬಡೀತು. ಯಾರಿಗೂ ಪೆಟ್ಟಾಗಲಿಲ್ಲ. ಟ್ರಾಕ್ಟರಿನ ಹುಡುಗ ನಡುಗ್ತಿದ್ದ, ಅವನಿಗೆ ನೀರು ಕುಡಿಸಿ ಕೂರಿಸಿದ್ವಿ. ಪೊಲೀಸ್ ಠಾಣೆಗೆ ದೂರು ಕೊಟ್ಟು ಹಿಂಬರಹ ತಗೊಂಡೆ. ಈ ಹಿಂಬರಹ ಅನ್ನೋ ಒಂದು ಹಾಳೆ ಮುಂದೆ ಎಷ್ಟು ಕಡೆ ಬೇಕಾಯ್ತು ಅಂದ್ರೆ, ಹತ್ತು ಜೆರಾಕ್ಸ್ ಖರ್ಚಾಯ್ತು.

"ಟ್ರಾಕ್ಟರ್ ಇನ್ಶೂರೆನ್ಸ್ ಮೇಲೆ ಯಾಕೆ ಹಾಕ್ಲಿಲ್ಲ?" ಅಂತ ಕೇಳಿದವರಿಗೆ: ಅವರ ಥರ್ಡ್ ಪಾರ್ಟಿ ವಿಮೆಯಿಂದ ನಷ್ಟ ವಸೂಲಿ ಮಾಡಬೇಕಂದ್ರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ವಕೀಲರು, ವಾಯಿದೆ, ವರ್ಷಗಳು. ನನ್ನ ಪಾಲಿಸಿಯಲ್ಲಿ ನನ್ನ ಕಾರಿನ ನಷ್ಟಕ್ಕೂ ರಕ್ಷಣೆ ಇತ್ತು, ಆ ದಾರಿ ಹಿಡಿದೆ.

ಸರ್ವೇಯರ್ ಮೂರನೇ ದಿನ ಬಂದರು. ಆರ್‌ಸಿ, ಡಿಎಲ್, ಪಾಲಿಸಿ ನೋಡಿದರು. ಹಳೇ ಗಾಡಿಯವರು ಇದನ್ನ ಗಮನಿಸಿ. ಕಾರಿನ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ದುಬಾರಿ ಅಂತ ಎಷ್ಟೋ ಜನ ಬಿಟ್ಟುಬಿಡ್ತಾರೆ. ಆರ್‌ಸಿ ಅವಧಿ ಮುಗಿದಿದ್ರೆ ಕ್ಲೇಮ್ ತಿರಸ್ಕರಿಸೋಕೆ ಕಂಪನಿಗೆ ಸಿಗೋ ಮೊದಲ ಕಾರಣ ಅದೇ. ನಮ್ಮದು 2027ರವರೆಗೆ ಚಾಲ್ತಿಯಲ್ಲಿತ್ತು.

ಎಸ್ಟಿಮೇಟ್ ಕೊಟ್ಟಿದ್ದು ಕಂಪನಿ ಪಟ್ಟಿಯಲ್ಲಿದ್ದ ಒಂದು ದೊಡ್ಡ ವರ್ಕ್‌ಶಾಪ್. 1,34,000 ರೂಪಾಯಿ. ಎಲ್ಲಾ ಹೊಸ ಪಾರ್ಟ್ಸ್ ಲೆಕ್ಕ. ಆ ಹೆಸರಿನ ಹೊಸ ಕಾರುಗಳೇ ಈಗ ನಮ್ಮ ದೇಶದಲ್ಲಿ ಮಾರಾಟಕ್ಕಿಲ್ಲ, ಹೊಸ ಬಾನೆಟ್ ಎಲ್ಲಿಂದ ತರ್ತಾರೋ ಅವರಿಗೇ ಗೊತ್ತಿರಲಿಲ್ಲ. ಸರ್ವೇಯರ್ ಆ ಹಾಳೆ ನೋಡಿ, "ಸಾರ್, ಇದು ಟೋಟಲ್ ಲಾಸ್" ಅಂದ್ರು.

ಟೋಟಲ್ ಲಾಸ್ ಅಂದ್ರೆ ಏನು? ಪಾಲಿಸಿಯ ಮೊದಲ ಪುಟದಲ್ಲಿ ಐಡಿವಿ ಅಂತ ಒಂದು ಅಂಕಿ ಇರುತ್ತೆ. ನಿಮ್ಮ ಗಾಡಿಗೆ ಕಂಪನಿ ಒಪ್ಪಿಕೊಂಡ ಬೆಲೆ ಅದು. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ರಿಪೇರಿ ಇಲ್ಲ, ಗಾಡಿ ಪೂರ್ತಿ ನಷ್ಟ ಅಂತ ಲೆಕ್ಕ. ನನ್ನ ಐಡಿವಿ 1,20,000. ಅದರ ಶೇ. 75 ಅಂದ್ರೆ 90,000. ಎಸ್ಟಿಮೇಟ್ ಅದನ್ನ ದಾಟಿದೆ. "ಆರ್‌ಸಿ ರದ್ದು ಮಾಡಿಸಿ ತನ್ನಿ, ಗಾಡಿ ನಮಗೆ ಬಿಡಿ, ಕಡ್ಡಾಯ ಕಡಿತ 2,000 ಕಳೆದು 1,18,000 ಬರುತ್ತೆ. ಹಳೇ ಗಾಡಿಗೆ ಇದಕ್ಕಿಂತ ಏನು ಬೇಕು ಸಾರ್?"

ನ್ಯಾಯವಾಗಿ ಹೇಳ್ಬೇಕಂದ್ರೆ ದುಡ್ಡಿನ ಲೆಕ್ಕದಲ್ಲಿ ಅದು ಕೆಟ್ಟ ಮಾತಲ್ಲ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕೇಳಿದ್ದು ಒಂದೇ ಮಾತು: "ಎಂಜಿನ್‌ಗೆ ಏನಾಗದೆ?"

"ಏನೂ ಆಗಿಲ್ಲ ಕಣಪ್ಪ."

"ಚಾಸಿ ಬಗ್ಗದಾ?"

"ಇಲ್ಲ."

"ಮತ್ತೆ ಅದೆಂಗ್ಲಾ ಪೂರ್ತಿ ಲಾಸು?"

ಈ ಪ್ರಶ್ನೆ ಇಟ್ಕೊಂಡೇ ನಾನು ಮಾರನೇ ದಿನ ನಮ್ಮ ಟಿಂಕರ್ ಭಾಯ್ ಹತ್ರ ಹೋದೆ. ಅವರು ಗಾಡಿ ಸುತ್ತ ಎರಡು ಸುತ್ತು ಹಾಕಿ, ಬೆರಳಲ್ಲಿ ಅಲ್ಲಲ್ಲಿ ಕುಟ್ಟಿ, "ಹಳೇ ಗಾಡಿಗೆ ಹೊಸ ಪಾರ್ಟ್ಸ್ ಯಾಕಣ್ಣ? ಶಿವಾಜಿನಗರದ ಗುಜರಿಗೋಗಿ, ಜೆ.ಸಿ. ರೋಡಲ್ಲಿ ಕೇಳಿ" ಅಂದ್ರು. ಬೆಂಗಳೂರಲ್ಲಿ ಎರಡು ದಿನ ಅಲೆದೆ. ಬಿಚ್ಚಿಟ್ಟಿದ್ದ ಇನ್ನೊಂದು ಪಾಲಿಯೋದ ಬಾನೆಟ್, ಎಡಗಡೆ ಫೆಂಡರ್, ಬಂಪರ್ ಸಿಕ್ತು. ಜಿಎಸ್‌ಟಿ ಇರೋ ಅಂಗಡಿಯಲ್ಲೇ ಕೇಳಿ ಬಿಲ್ ಬರೆಸಿದೆ. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡೋರೂ ಇದ್ರು, ಆದ್ರೆ ಕ್ಲೇಮಿಗೆ ಬಿಲ್ಲೇ ಪ್ರಾಣ. ಭಾಯ್ ತಮ್ಮ ಗ್ಯಾರೇಜಿನ ಲೆಟರ್‌ಹೆಡ್ಡಿನಲ್ಲಿ, ಸೀಲು ಹಾಕಿ ಎಸ್ಟಿಮೇಟ್ ಕೊಟ್ಟರು. ಒಟ್ಟು 78,600. ಅಂದ್ರೆ 90,000ಕ್ಕಿಂತ ಕೆಳಗೆ!

"ಲೋಕಲ್ ಗ್ಯಾರೇಜ್ ಎಸ್ಟಿಮೇಟ್ ನಡೆಯಲ್ಲ ಸಾರ್" ಅಂತ ಫೋನಲ್ಲಿ ಹೇಳಿದರು. "ಪಾಲಿಸಿಯ ಯಾವ ಷರತ್ತಿನಲ್ಲಿದೆ, ಬರವಣಿಗೆಯಲ್ಲಿ ಕೊಡಿ" ಅಂದೆ. ಬರವಣಿಗೆ ಬರಲಿಲ್ಲ. ಫೋನಲ್ಲಿ ಧೈರ್ಯವಾಗಿ ಹೇಳೋ ಎಷ್ಟೋ ಮಾತುಗಳನ್ನ ಯಾರೂ ಕಾಗದದ ಮೇಲೆ ಇಳಿಸಲ್ಲ, ಇದು ಹೋರಾಟದವರಿಗೆ ಹೇಳಿಕೊಡಬೇಕಾದ ಪಾಠ ಅಲ್ಲ. ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಹಾಕಿದೆ. ಎರಡೂ ಎಸ್ಟಿಮೇಟ್, ಫೋಟೋಗಳು, ಹಿಂಬರಹ ಲಗತ್ತಿಸಿ, ಸರ್ವೇ ವರದಿಯ ಪ್ರತಿ ಕೇಳಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣದಲ್ಲೂ ದೂರು ದಾಖಲಿಸಿದೆ. ಇಪ್ಪತ್ತು ದಿನ ಸುದ್ದಿ ಇಲ್ಲ. ಅಪ್ಪ ದಿನಾ ಬೆಳಗ್ಗೆ ಗ್ಯಾರೇಜ್ ತನಕ ನಡ್ಕೊಂಡು ಹೋಗಿ ಬ್ಯಾಟರಿ ಚೆಕ್ ಮಾಡಿ ಬರ್ತಿದ್ದ. ಇಪ್ಪತ್ತಮೂರನೇ ದಿನ ಇನ್ನೊಬ್ಬ ಸರ್ವೇಯರ್ ಬಂದರು. ಭಾಯ್ ಜೊತೆ ಒಂದು ಗಂಟೆ ಕೂತು, ಒಂದೊಂದೇ ಪಾರ್ಟ್ ನೋಡಿ, ರಿಪೇರಿಗೆ ಒಪ್ಪಿಗೆ ಕೊಟ್ಟರು.

ಈಗ ಎಲ್ಲರೂ ಕೇಳೋ ಲೆಕ್ಕ. 78,600ರಲ್ಲಿ ಎಷ್ಟು ಬಂತು? 10 ವರ್ಷ ದಾಟಿದ ಗಾಡಿಯ ಲೋಹದ ಪಾರ್ಟ್ಸಿಗೆ ಸವಕಳಿ ಶೇ. 50. ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿ, ಟೈರಿಗೆ ಗಾಡಿಯ ವಯಸ್ಸು ಎಷ್ಟೇ ಇರಲಿ ಶೇ. 50. ಗಾಜಿಗೆ ಸವಕಳಿ ಇಲ್ಲ. ಲೇಬರ್‌ಗೂ ಇಲ್ಲ. ಪೇಂಟಿಂಗ್ ಬಿಲ್ ಒಟ್ಟಾಗಿದ್ರೆ ಅದರ ಕಾಲು ಭಾಗ ಸಾಮಗ್ರಿ ಅಂತ ಹಿಡಿದು, ಆ ಕಾಲು ಭಾಗದಲ್ಲಿ ಅರ್ಧ ಕಡಿತಾರೆ. ನಮ್ಮ ಬಿಲ್ ಹೀಗಿತ್ತು:

ಲೋಹದ ಪಾರ್ಟ್ಸ್ 26,000. ಬಂದಿದ್ದು 13,000.
ಪ್ಲಾಸ್ಟಿಕ್, ರಬ್ಬರ್ 14,000. ಬಂದಿದ್ದು 7,000.
ಮುಂದಿನ ಗಾಜು 6,600. ಪೂರ್ತಿ ಬಂತು.
ಪೇಂಟಿಂಗ್ 12,000. ಬಂದಿದ್ದು 10,500.
ಟಿಂಕರಿಂಗ್, ಮೆಕ್ಯಾನಿಕ್ ಕೂಲಿ 20,000. ಪೂರ್ತಿ ಬಂತು.

ಒಟ್ಟು 57,100. ಅದರಲ್ಲಿ ಕಡ್ಡಾಯ ಕಡಿತ 2,000 (1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000). ಕೈಗೆ ಬಂದಿದ್ದು 55,100. ನಮ್ಮ ಜೇಬಿನಿಂದ 23,500. ಇದನ್ನ ಗಮನಿಸಿ: ಹಳೇ ಗಾಡಿ ರಿಪೇರಿಯಲ್ಲಿ ಕಂಪನಿ ಪೂರ್ತಿ ಕೊಡೋದು ಕೂಲಿಗೆ. ಅದಕ್ಕೇ ಬಿಲ್ಲಿನಲ್ಲಿ ಪಾರ್ಟ್ಸ್ ಬೇರೆ, ಕೂಲಿ ಬೇರೆ ಬರೆಸಬೇಕು. ಎಲ್ಲಾ ಸೇರಿಸಿ ಒಂದೇ ಸಾಲಲ್ಲಿ ಬರೆದ್ರೆ ಮೇಷ್ಟ್ರ ಕತ್ತರಿ ಎಲ್ಲದರ ಮೇಲೂ ಆಡುತ್ತೆ.

ಆದ್ರೆ ಈ ಪೋಸ್ಟ್ ಬರೆದಿದ್ದು ಈ ಲೆಕ್ಕಕ್ಕಲ್ಲ. ಅಸಲಿ ವಿಷಯ ಇನ್ನೊಂದಿದೆ. ಕಾರು ಉಳಿದಿದ್ದು ಅಪಘಾತ ಆದ ಮೇಲೆ ಮಾಡಿದ ಜಗಳದಿಂದ ಅಲ್ಲ. ಅದಕ್ಕೂ ಎಂಟು ತಿಂಗಳ ಹಿಂದೆ, ಪಾಲಿಸಿ ನವೀಕರಣದ ದಿನ ಆಡಿದ ಎರಡು ಮಾತಿನಿಂದ.

ಅವತ್ತು ಏಜೆಂಟ್ ಕಂಪ್ಯೂಟರಲ್ಲಿ ಬಂದ ಐಡಿವಿ 70,000. "ಹಳೇ ಗಾಡಿಗೆ ಸಿಸ್ಟಮ್ ಇಷ್ಟೇ ತೋರಿಸೋದು, ಬೇಕಾದ್ರೆ ಬರೀ ಥರ್ಡ್ ಪಾರ್ಟಿ ಮಾಡ್ಸಿ" ಅಂದ್ರು. ಐದು ವರ್ಷದವರೆಗಿನ ಗಾಡಿಗೆ ಸವಕಳಿಯ ಪಟ್ಟಿ ಇದೆ: ಆರು ತಿಂಗಳವರೆಗೆ ಶೇ. 5, ಹೀಗೆ ಏರುತ್ತಾ ಐದನೇ ವರ್ಷಕ್ಕೆ ಶೇ. 50. ಐದು ವರ್ಷ ದಾಟಿದ ಗಾಡಿಗೆ, ತಯಾರಿಕೆ ನಿಂತ ಮಾಡೆಲ್ಲಿಗೆ, ಪಟ್ಟಿಯೇ ಇಲ್ಲ. ಕಂಪನಿ ಮತ್ತು ಮಾಲೀಕ ಇಬ್ಬರೂ ಮಾತಾಡಿ ಒಪ್ಪಿಕೊಂಡಿದ್ದೇ ಬೆಲೆ. ಅದನ್ನೇ ಅವರಿಗೆ ಹೇಳಿದೆ. ಸುಸ್ಥಿತಿಯಲ್ಲಿರೋ ಇಂಥದೇ ಕಾರುಗಳನ್ನ ಮಾರೋರ ಜಾಹೀರಾತು, ನಮ್ಮ ಸರ್ವಿಸ್ ಬಿಲ್ಲುಗಳು, ಫೋಟೋ ತೋರಿಸಿದೆ. ಫೋನ್ ಮಾಡಿ ಯಾರನ್ನೋ ಕೇಳಿದರು, 1,20,000ಕ್ಕೆ ಒಪ್ಪಿದರು. ಪ್ರೀಮಿಯಂ ಸ್ವಲ್ಪ ಜಾಸ್ತಿ ಆಯ್ತು.

70,000ಕ್ಕೆ ಸಹಿ ಹಾಕಿದ್ರೆ ಏನಾಗ್ತಿತ್ತು? ಅದರ ಶೇ. 75 ಅಂದ್ರೆ 52,500. ಭಾಯ್ ಎಸ್ಟಿಮೇಟ್ ಕೂಡ ಅದನ್ನ ದಾಟ್ತಿತ್ತು. ನೆಟ್ಟಗಿರೋ ಎಂಜಿನ್, ಬಗ್ಗದ ಚಾಸಿ ಇರೋ ಕಾರು ಕಾನೂನುಬದ್ಧವಾಗಿಯೇ ಗುಜರಿ ಸೇರ್ತಿತ್ತು, ನಾವು ಬಾಯಿ ಬಿಡೋ ಹಂಗಿರಲಿಲ್ಲ. ಯಾರೋ ಕೂತ್ಕೊಂಡು ಬೆಲೆ ಕಟ್ಟಿ, ನಾವು ಕೆಳಗೆ ಸಹಿ ಹಾಕಿ ಬರೋದು ನಮಗೆಷ್ಟು ಅಭ್ಯಾಸ ಆಗಿದೆ ಅಂದ್ರೆ, ಆ ಅಂಕಿಯನ್ನ ಪ್ರಶ್ನೆ ಮಾಡಬಹುದು ಅಂತಲೇ ತೋಚಲ್ಲ. ಇಲ್ಲಿ ನಿಯಮವೇ ಇಬ್ಬರೂ ಒಪ್ಪಬೇಕು ಅನ್ನುತ್ತೆ. ಕುರ್ಚಿ ಖಾಲಿ ಇದೆ. ಹೋಗಿ ಕೂತ್ಕೋಬೇಕು ಅಷ್ಟೇ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ತಮ್ಮಂದಿರು, ತಂಗಿಯರಿಗೆ ಇನ್ನೊಂದು ಮಾತು. ಗಾಡಿ ನಿಮ್ಮ ಹೆಸರಿಗೆ ಆದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗೇ ನಿಮಗೆ ಬರುತ್ತೆ, ನಿಮ್ಮ ಗಾಡಿಯ ನಷ್ಟದ ಭಾಗ ಬರಲ್ಲ. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ ಅವನದೇ, ಗಾಡಿ ಜೊತೆ ಬರಲ್ಲ.

ಕಂಪನಿ ತಿರಸ್ಕರಿಸಿದ್ರೆ, ಇಲ್ಲಾ ದೂರು ಕೊಟ್ಟು ಒಂದು ತಿಂಗಳಾದ್ರೂ ಉತ್ತರ ಬರದಿದ್ರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ. ಶುಲ್ಕ ಇಲ್ಲ, ವಕೀಲರೂ ಬೇಡ, ನಮ್ಮ ಮಾತು ನಾವೇ ಹೇಳ್ಕೋಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲೂ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ. ನನಗೆ ಅಲ್ಲಿತನಕ ಹೋಗೋ ಪ್ರಮೇಯ ಬರಲಿಲ್ಲ.

ಕಾರು ಹೋದ ವಾರ ಮನೆಗೆ ಬಂತು. ಬಾನೆಟ್ಟಿನ ಕೆಂಪು, ಬಾಗಿಲಿನ ಕೆಂಪು ಬಿಸಿಲಲ್ಲಿ ಒಂಚೂರು ಬೇರೆ ಕಾಣುತ್ತೆ. ಅದಕ್ಕೆ ಭಾಯ್ ಬೇಜಾರು ಮಾಡ್ಕೊಂಡ್ರು, ನನಗಿಲ್ಲ.

ಒಂದು ಕೆಲಸ ಮಾಡಿ. ಇವತ್ತೇ ನಿಮ್ಮ ಪಾಲಿಸಿ ತೆಗೆದು ಐಡಿವಿ ಎಷ್ಟಿದೆ ನೋಡಿ. ಬೈಕ್ ಆಗ್ಲಿ, ಆಟೋ ಆಗ್ಲಿ, ಕಾರಾಗ್ಲಿ. ನಿಮ್ಮ ಗಾಡಿ ವಯಸ್ಸು, ಐಡಿವಿ ಕಾಮೆಂಟಲ್ಲಿ ಹಾಕಿ, ನವೀಕರಣಕ್ಕೆ ಮುಂಚೆ ಹೆಂಗೆ ಕೇಳ್ಬೇಕು ಅಂತ ಕೂತು ಮಾತಾಡೋಣ.

ಜೈ ಭೀಮ್.