ಮುಠೆಯ ದಡದಲ್ಲಿ ಓದಿದ ಪರಿಸರ ವಿಜ್ಞಾನ

ಪದವಿಗೆ ಪರಿಸರ ವಿಜ್ಞಾನವನ್ನು ಆರಿಸಿಕೊಳ್ಳುವವರಿಗೆ ಮೊದಲು ಎದುರಾಗುವ ಪ್ರಶ್ನೆ ಜೀವನೋಪಾಯದ್ದು. ವಿಜ್ಞಾನದ ಪ್ರಶ್ನೆಗಳು ಆಮೇಲೆ ಬರುತ್ತವೆ. ಪುಣೆಯ ಕಾಲೇಜೊಂದರಲ್ಲಿ ಈ ವಿಷಯದ ಬಿ.ಎಸ್‌ಸಿ.ಗೆ ಸೇರಿದ ನಾವು ಮೂವರು ಕನ್ನಡಿಗರೂ ಆ ಪ್ರಶ್ನೆಯನ್ನು ನಮ್ಮ ನಮ್ಮ ಮನೆಯ ಕನ್ನಡದಲ್ಲಿ ಕೇಳಿಸಿಕೊಂಡೆವು. ನಮ್ಮಲ್ಲೊಬ್ಬಳ ತಂದೆ ಅಫಜಲಪುರದ ಕಡೆಯಿಂದ ಪಿಂಪರಿಯ ಕಾರ್ಖಾನೆಗೆ ಬಂದವರು. “ಇದ ಓದಿ ಮುಂದ ಏನ್ ಮಾಡ್ತಿಯವ್ವಾ?” ಎಂದು ಅವರು ನಿಜವಾದ ಕಳವಳದಿಂದಲೇ ಕೇಳಿದರು. ಇನ್ನೊಬ್ಬನದು ಉಡುಪಿಯ ಕಡೆಯಿಂದ ಬಂದ ಹೋಟೆಲಿನ ಮನೆತನ, “ಗಿಡ ನೆಡ್ಲಿಕ್ಕೆ ಡಿಗ್ರಿ ಯಾಕೆ ಮಾರಾಯಾ?” ಎಂದು ಅವನ ದೊಡ್ಡಪ್ಪ ನಕ್ಕರು. ಮೂರನೆಯವನ ಮನೆ ಅಕ್ಕಲಕೋಟೆಯದು. ಅಲ್ಲಿ ಅವ್ವ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಇಂಜಿನಿಯರಿಂಗಿನ ಅರ್ಜಿಯನ್ನು ಮಾತ್ರ ಬಹಳ ದಿನ ದೇವರ ಜಗಲಿಯ ಮೇಲಿಂದ ತೆಗೆದಿರಲಿಲ್ಲ.

ನಮ್ಮ ದೇಶದಲ್ಲಿ ಪರಿಸರದ ಪಾಠ ಕಾಲೇಜಿನ ಬಾಗಿಲಿಗೆ ಬಂದದ್ದರಲ್ಲಿ ನ್ಯಾಯಾಲಯದ ಪಾತ್ರ ದೊಡ್ಡದು. ವಕೀಲ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರಿನಲ್ಲಿ ನೀಡಿದ ಆದೇಶವು ಶಾಲಾ ಕಾಲೇಜುಗಳಲ್ಲಿ ಈ ವಿಷಯವನ್ನು ಕಡ್ಡಾಯಗೊಳಿಸುವ ದಾರಿಯನ್ನು ತೆರೆಯಿತು. ಮುಂದೆ ಯುಜಿಸಿ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಆರು ತಿಂಗಳ ಪಠ್ಯವನ್ನು ರೂಪಿಸಿತು. ಅದಕ್ಕೆ ಪುಸ್ತಕ ಬರೆದ ಎರಾಚ್ ಭರೂಚಾ ಅವರು ನಮ್ಮ ಪುಣೆಯವರೇ, ವೃತ್ತಿಯಿಂದ ಶಸ್ತ್ರವೈದ್ಯರು. ಆದರೆ ಕಡ್ಡಾಯವಾದದ್ದಕ್ಕೆ ಒದಗುವ ಗತಿ ಈ ಪಾಠಕ್ಕೂ ಒದಗಿತು. ವಾಣಿಜ್ಯ, ಕಲಾ ವಿಭಾಗಗಳ ಗೆಳೆಯರು ಪರೀಕ್ಷೆಯ ಹಿಂದಿನ ರಾತ್ರಿ ನಮ್ಮಿಂದ ಟಿಪ್ಪಣಿ ಪಡೆದು ಬರೆದು ಮರೆಯುತ್ತಿದ್ದರು. ಅವರು ಒಂದು ರಾತ್ರಿಯಲ್ಲಿ ಮುಗಿಸುವುದನ್ನು ನಾವು ಮೂರು ವರ್ಷ ಓದುತ್ತೇವೆಂಬುದು ಅವರಿಗೆ ತಮಾಷೆಯ ಸಂಗತಿಯಾಗಿತ್ತು.

ಆ ಓದು ಒಂದು ಶಾಸ್ತ್ರದ ಚೌಕಟ್ಟಿನಲ್ಲಿ ನಿಲ್ಲುವಂಥದ್ದಲ್ಲ. ಬೆಳಿಗ್ಗೆ ಮಣ್ಣಿನ ರಸಾಯನ, ಮಧ್ಯಾಹ್ನ ಸಂಖ್ಯಾಶಾಸ್ತ್ರ, ಸಂಜೆ 1974ರ ಜಲ ಕಾಯ್ದೆ ಮತ್ತು ಭೋಪಾಲದ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ. ರಸಾಯನ ವಿಭಾಗದವರು ನಮ್ಮನ್ನು ಅರೆಬರೆ ರಸಾಯನದವರೆಂದೂ ಸಸ್ಯಶಾಸ್ತ್ರದವರು ಅರೆಬರೆ ಸಸ್ಯಶಾಸ್ತ್ರದವರೆಂದೂ ಕರೆಯುತ್ತಿದ್ದರು. ಆ ದಿನಗಳಲ್ಲಿ ನಮಗೆ ಧೈರ್ಯ ನೀಡಿದ ಕನ್ನಡ ಪುಸ್ತಕ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಮದರಾಸಿನಲ್ಲಿ ಅಧ್ಯಾಪಕರಾಗಿದ್ದುಕೊಂಡು, ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ್ದನ್ನು ಕನ್ನಡದಲ್ಲಿ ಬರೆದು, 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು ಅವರು. ಹೊರನಾಡಿನಲ್ಲಿದ್ದು ವಿಜ್ಞಾನ ಓದುವವರಿಗೂ ಕನ್ನಡದಲ್ಲಿ ಆಡಲು ಮಾತಿದೆಯೆಂಬುದನ್ನು ಆ ಪುಸ್ತಕ ನಮಗೆ ತೋರಿಸಿಕೊಟ್ಟಿತು.

ಎರಡನೆಯ ವರ್ಷದ ಬೇಸಿಗೆಯಲ್ಲಿ ನೀರಿನ ಪ್ರಯೋಗಗಳು ಆರಂಭವಾದವು. ಒಂದು ಮಾದರಿ ನಗರದ ಮೇಲ್ಭಾಗದ ಖಡಕವಾಸಲಾ ಜಲಾಶಯದ ಅಂಚಿನದು, ಇನ್ನೊಂದು ನಗರವನ್ನು ಹಾದು ಬಂದ ಮುಠಾ ನದಿಯದು. ಗಾಳಿಯ ಗುಳ್ಳೆ ಸೇರದಂತೆ ಗಾಜಿನ ಸೀಸೆಯನ್ನು ತುಂಬಿ, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೋಡೈಡನ್ನೂ ಬೆರೆಸಿ, ಬಿರಡೆ ಹಾಕಿ ತಲೆಕೆಳಗು ಮಾಡಬೇಕು. ನೀರಿನಲ್ಲಿ ಆಮ್ಲಜನಕ ಕರಗಿದ್ದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ಜಲಾಶಯದ ಸೀಸೆ ಕಂದಾಯಿತು. ನದಿಯ ಸೀಸೆ ಬಿಳಿಯಾಗಿಯೇ ಉಳಿಯಿತು. ಬಿಳುಪನ್ನು ಶುದ್ಧತೆಯ ಗುರುತೆಂದು ನಂಬಿ ಬೆಳೆದ ನಮಗೆ, ಉಸಿರಿಲ್ಲದ ನೀರಿನ ಬಣ್ಣವೂ ಬಿಳಿಯೇ ಎಂಬುದು ಅಂದು ತಿಳಿಯಿತು. ಸ್ನಾನಕ್ಕೆ ಯೋಗ್ಯವಾದ ನದಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು, ಜೈವಿಕ ಆಮ್ಲಜನಕ ಬೇಡಿಕೆ 3 ಮಿಲಿಗ್ರಾಂ ಮೀರಬಾರದು ಎಂಬ ಸರಕಾರಿ ಮಾನದಂಡ ನಮಗೆ ಬಾಯಿಪಾಠವಾಗಿತ್ತು. ಕಣ್ಣಮುಂದಿನ ಸೀಸೆಗೆ ಆ ಅಂಕಿಗಳ ಹಂಗೇ ಇರಲಿಲ್ಲ.

ಆ ವಾರ ನಾವು ನಕ್ಷೆಯೊಂದನ್ನು ಹರಡಿಕೊಂಡು ನದಿಯ ಹಿಂದೆ ಬೆರಳು ಓಡಿಸಿದೆವು. ಮುಠಾ ನಗರದ ನಡುವೆ ಮುಳಾ ನದಿಯನ್ನು ಕೂಡುತ್ತದೆ. ಎರಡೂ ಸೇರಿ ಭೀಮೆಗೆ ಬೀಳುತ್ತವೆ. ಭೀಮೆ ಉಜನಿ ಅಣೆಕಟ್ಟಿನಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಸೊಲ್ಲಾಪುರದ ಸೀಮೆಯನ್ನು ದಾಟಿ ಕರ್ನಾಟಕವನ್ನು ಹೊಕ್ಕು, ಗಾಣಗಾಪುರದ ಬಳಿ ಅಮರ್ಜಾ ನದಿಯನ್ನು ಕೂಡಿ, ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ನಮ್ಮ ಬೆರಳು ಗಾಣಗಾಪುರದ ಮೇಲೆ ನಿಂತಿತು. ನಮ್ಮಲ್ಲೊಬ್ಬಳ ಅಜ್ಜಿ ಹುಣ್ಣಿಮೆಗೊಮ್ಮೆ ಆ ಸಂಗಮದಲ್ಲಿ ಮುಳುಗಿ ಬರುವವರು. ಅದುವರೆಗೆ ಪುಣೆ ನಮಗೆ ಅನ್ನದ ಊರಾಗಿತ್ತು, ಭೀಮಾತೀರ ಅಜ್ಜಿಯ ಊರಾಗಿತ್ತು. ಒಂದರ ಬಚ್ಚಲು ಇನ್ನೊಂದರ ತೀರ್ಥದ ಮೇಲ್ಭಾಗದಲ್ಲಿದೆಯೆಂದು ನಾವಾರೂ ಯೋಚಿಸಿರಲಿಲ್ಲ.

ರಜೆಯಲ್ಲಿ ಆ ಊರಿಗೆ ಮೂವರೂ ಹೋದೆವು. ಪುಣೆಯ ಸೀಸೆಯ ಕತೆಯನ್ನು ಅಜ್ಜಿಗೆ ಹೇಳಿದೆವು. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, “ಹರಿಯೋ ಹೊಳಿಗಿ ಮೈಲಿಗಿ ಇಲ್ಲವ್ವಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಮತ್ತ ನಾ ಎಲ್ಲಿ ಜಳಕಾ ಮಾಡ್ಲಿ, ಹೇಳ್ರಿ?” ಎಂದೂ ಕೇಳಿದರು. ಮೊದಲನೆಯ ಮಾತಿಗೆ ಉತ್ತರ ನಮ್ಮ ಪಠ್ಯದಲ್ಲಿತ್ತು. ಎರಡನೆಯದಕ್ಕೆ ಇರಲಿಲ್ಲ.

ಮೊದಲನೆಯ ಮಾತಿನ ಉತ್ತರವೂ ನಾವು ಎಣಿಸಿದಷ್ಟು ಸರಳವಾಗಿರಲಿಲ್ಲ. ಅಮೆರಿಕದ ಒಹಾಯೋ ನದಿಯನ್ನು ಅಭ್ಯಸಿಸಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬ ಇಬ್ಬರು 1925ರಲ್ಲಿ ಒಂದು ಸಮೀಕರಣವನ್ನು ಮಂಡಿಸಿದ್ದರು. ಕೊಳಚೆ ಬಿದ್ದೊಡನೆ ನದಿಯ ಆಮ್ಲಜನಕ ಕುಸಿಯುತ್ತದೆ. ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಅದನ್ನು ಉಸಿರಾಡಿಬಿಡುತ್ತವೆ. ನೀರು ಹರಿಯುತ್ತ ಹೋದಂತೆ ಗಾಳಿಯಿಂದ ಮತ್ತೆ ಆಮ್ಲಜನಕ ಕರಗುತ್ತದೆ, ರೇಖೆ ಮೇಲೇರುತ್ತದೆ. ಅಂದರೆ ಸಾಕಷ್ಟು ದೂರವೂ ಸಾಕಷ್ಟು ಹರಿವೂ ಇದ್ದರೆ ಹೊಳೆ ತನ್ನನ್ನು ತಾನು ತೊಳೆದುಕೊಳ್ಳುತ್ತದೆ. ಅಜ್ಜಿಯ ಮಾತು ತಲೆಮಾರುಗಳ ಅನುಭವದಿಂದ ಬಂದದ್ದು. ಅದರ ಜೀವವಿರುವುದು ‘ಹರಿಯೋ’ ಎಂಬ ಒಂದು ವಿಶೇಷಣದಲ್ಲಿ. ಬೇಸಿಗೆಯಲ್ಲಿ ಮಡುಗಳಾಗಿ ನಿಲ್ಲುವ, ಬ್ಯಾರೇಜುಗಳ ನಡುವೆ ತುಂಡಾಗುವ ಹೊಳೆಗೆ ಆ ವಿಶೇಷಣ ಸಲ್ಲುವುದಿಲ್ಲ. ರೋಗಾಣುಗಳ ಲೆಕ್ಕವೂ ಬೇರೆ. ಆಮ್ಲಜನಕ ಮರಳಿತೆಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವಾಗುವುದಿಲ್ಲ. ಕೊಳಚೆಯೊಡನೆ ಬರುವ ಸಾರಜನಕ, ರಂಜಕಗಳು ಉಜನಿಯಂಥ ನಿಂತ ನೀರಿನಲ್ಲಿ ಪಾಚಿಗೆ ಗೊಬ್ಬರವಾಗುತ್ತವೆ.

ಹಾಗೆಂದು ಗಾಣಗಾಪುರದಲ್ಲಿ ನಿಂತು ‘ಇದು ಪುಣೆಯ ಕೊಳೆ’ ಎಂದು ಬೊಟ್ಟು ಮಾಡಲೂ ನಮ್ಮ ಓದು ಬಿಡಲಿಲ್ಲ. ನಡುವೆ ಜಲಾಶಯವಿದೆ, ಹತ್ತಾರು ಊರುಗಳಿವೆ, ಕಬ್ಬಿನ ಗದ್ದೆಗಳಿವೆ, ಸಕ್ಕರೆ ಕಾರ್ಖಾನೆಗಳಿವೆ. ಕರ್ನಾಟಕದ ದಡದ ಊರುಗಳ ಚರಂಡಿಗಳೂ ಅದೇ ಹೊಳೆಗೆ ಬೀಳುತ್ತವೆ. ಯಾವ ಪಾಲು ಯಾರದೆಂದು ಹೇಳಲು ದಡದುದ್ದಕ್ಕೂ, ಋತುವಿನಿಂದ ಋತುವಿಗೆ, ವರ್ಷಗಟ್ಟಲೆ ಅಳೆಯಬೇಕು. ಕೃಷ್ಣಾ ಕಣಿವೆಯ ನೀರಿನಲ್ಲಿ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಎಂದು ಹಂಚಿದ್ದು ನಮ್ಮ ಹಿರಿಯರಿಗೆ ಕಂಠಪಾಠ. ಬಂದ ನೀರು ಎಂಥದು ಎಂಬ ಲೆಕ್ಕವನ್ನು ಅಷ್ಟೇ ಆಸ್ಥೆಯಿಂದ ಕೇಳಿದವರನ್ನು ನಾವು ಕಂಡಿಲ್ಲ. ಪದವಿ ನಮಗೆ ಕಲಿಸಿದ ಮುಖ್ಯ ಶಿಸ್ತು ಇದು: ಸಿಟ್ಟು ಬಂದಾಗಲೂ ಸೀಸೆ ಹೇಳಿದಷ್ಟನ್ನೇ ಹೇಳುವುದು.

ಜೀವನೋಪಾಯದ ಪ್ರಶ್ನೆಗೆ ಕಾಲವೇ ಉತ್ತರಿಸಿತು. ಹೋಟೆಲಿನ ಮನೆಯವನು ಕೈಗಾರಿಕಾ ವಸಾಹತಿನ ತ್ಯಾಜ್ಯನೀರು ಸಂಸ್ಕರಣಾ ಘಟಕದಲ್ಲಿದ್ದಾನೆ. ಈಗ ದೊಡ್ಡಪ್ಪನೇ ಹೋಟೆಲಿನ ಎಣ್ಣೆಜಿಡ್ಡಿನ ನೀರಿಗೆ ಅವನ ಸಲಹೆ ಕೇಳುತ್ತಾರೆ. ಅಕ್ಕಲಕೋಟೆಯವನು ಅದೇ ಆರು ತಿಂಗಳ ಕಡ್ಡಾಯ ಪಾಠವನ್ನು ವಾಣಿಜ್ಯ ವಿದ್ಯಾರ್ಥಿಗಳಿಗೆ ಹೇಳುತ್ತಾನೆ. ಅಫಜಲಪುರದ ಮಗಳು ಪರಿಸರ ಪರಿಣಾಮ ವರದಿಗಳನ್ನು ಸಿದ್ಧಪಡಿಸುವ ಸಂಸ್ಥೆಯೊಂದರಲ್ಲಿ ಎರಡು ವರ್ಷ ದುಡಿದು ಹೊರಬಂದಳು. 2006ರ ಅಧಿಸೂಚನೆಯ ವ್ಯವಸ್ಥೆಯಲ್ಲಿ, ಯೋಜನೆಯನ್ನು ತರುವವರೇ ಅದರ ಪರಿಣಾಮವನ್ನು ಅಳೆಯುವವರಿಗೆ ಹಣ ಕೊಡುತ್ತಾರೆ. ತಾನು ಬರೆದ ‘ಗಣನೀಯ’ ಎಂಬ ಪದ ಮೇಜಿನಿಂದ ಮೇಜಿಗೆ ಸಾಗಿ ‘ಅಲ್ಪ’ ಆಗುವುದನ್ನು ಅವಳು ಕಂಡಳು. ಈಗ ನೀರಿನ ಪರೀಕ್ಷಾಲಯವೊಂದರಲ್ಲಿದ್ದಾಳೆ. ಸಂಬಳ ಮೊದಲಿನದಕ್ಕಿಂತ ಕಡಿಮೆ.

ನಮ್ಮನ್ನು ಇನ್ನೂ ಕಾಡುವುದು ಭಾಷೆಯ ಪ್ರಶ್ನೆ. 2020ರಲ್ಲಿ ಆ ಅಧಿಸೂಚನೆಯ ಹೊಸ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಪ್ರಕಟಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಹೊಳೆಯ ದಡದವರಿಗೆ ಅರ್ಥವಾಗದ ಭಾಷೆಯಲ್ಲಿ ಹೊಳೆಯ ಹಣೆಬರಹ ಬರೆದರೆ ಆಕ್ಷೇಪ ಎತ್ತುವವರು ಯಾರು? ನಾವು ಮೂವರೂ ಇಂಗ್ಲಿಷಿನಲ್ಲಿ ಓದಿದವರು, ಮರಾಠಿಯಲ್ಲಿ ವ್ಯವಹರಿಸುವವರು. ಆದರೂ ಈ ವಿದ್ಯೆಯ ನಿಜವಾದ ಪರೀಕ್ಷೆ ನಡೆದದ್ದು ರೊಟ್ಟಿಯ ಒಲೆಯ ಮುಂದೆ, ಕನ್ನಡದಲ್ಲಿ.

ಅಜ್ಜಿ ಈಗಿಲ್ಲ. ಗಾಣಗಾಪುರಕ್ಕೆ ಹೊರಡುವ ಮುನ್ನ ನಮ್ಮಲ್ಲೊಬ್ಬಳ ತಂದೆ ಈಗಲೂ ಫೋನು ಮಾಡುತ್ತಾರೆ: “ಈಗ ಹೊಳ್ಯಾಗ ಮುಳುಗಬಹುದೇನವ್ವಾ?” ಮುಳುಗಬೇಡಿ ಎನ್ನುವುದು ಸುಲಭ, ಅವರ ತಾಯಿಯ ಎರಡನೆಯ ಪ್ರಶ್ನೆ ಆ ಉತ್ತರಕ್ಕೆ ಅಡ್ಡ ನಿಲ್ಲುತ್ತದೆ. ಆದ್ದರಿಂದ ಅವಳು ನಾವು ಮೂವರೂ ಒಪ್ಪಿಕೊಂಡಿರುವ ಮಾತನ್ನೇ ಹೇಳುತ್ತಾಳೆ: ಮಳೆ ಚೆನ್ನಾಗಿ ಬಂದು ಹೊಳೆ ಹರಿಯುತ್ತಿದೆಯೇ ನೋಡಿ, ಹರಿಯುತ್ತಿದ್ದರೂ ಬಾಯಿಗೆ ನೀರು ಹಾಕಬೇಡಿ, ನಿಂತಿದ್ದರೆ ದಡದಲ್ಲೇ ಕೈಮುಗಿದು ಬನ್ನಿ. ಅವರು ಹಾಗೆಯೇ ಮಾಡುತ್ತಾರೆ. ಮರಳಿ ಬಂದ ಮೇಲೆ ಹೊಳೆ ಹೇಗಿತ್ತೆಂದು ವಿವರವಾಗಿ ಹೇಳುತ್ತಾರೆ, ನಾವು ಬರೆದಿಟ್ಟುಕೊಳ್ಳುತ್ತೇವೆ.