ಆಪಾಳ ನಿದ್ದೆಯ ಲೆಕ್ಕ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಹಗಲು ಮಲಗುವ ಹಕ್ಕು ಒಬ್ಬರಿಗೆ ಮಾತ್ರ ಇತ್ತು. ಅಬ್ಬಾ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ರಾತ್ರಿ ಪಾಳಿಯ ವಾರದಲ್ಲಿ ಬೆಳಿಗ್ಗೆ ಆರೂವರೆಗೆ ಬಂದು, ಚಹಾ ಕುಡಿದು, ನಡುಮನೆಯಲ್ಲಿ ಚಾಪೆ ಹಾಸಿಕೊಂಡರೆಂದರೆ ಇಡೀ ಮನೆ ಉಸಿರು ಬಿಗಿಹಿಡಿಯುತ್ತಿತ್ತು. ಅಮ್ಮಿ ಕಿಟಕಿಗೆ ಹಳೆಯ ಕಂಬಳಿ ಕಟ್ಟುತ್ತಿದ್ದಳು. ಮಸಾಲೆ ರುಬ್ಬಲು ಪಕ್ಕದ ಖಾಲಾ ಮನೆಯ ಒರಳಿಗೆ ಹೋಗುತ್ತಿದ್ದಳು. ನಾನು ಉರ್ದು ಶಾಲೆಯ ಪಾಠವನ್ನು ಬರೀ ತುಟಿ ಅಲ್ಲಾಡಿಸಿ ಓದುತ್ತಿದ್ದೆ. ದುಡಿಯುವ ಗಂಡಸಿನ ನಿದ್ದೆ ಅದು. ಕೆಡಿಸಿದರೆ ಗುನಾಹ್.

1998ರ ನಂತರ ಅದೇ ನಡುಮನೆಯಲ್ಲಿ ನನ್ನ ಆಪಾ ಹಗಲು ಮಲಗತೊಡಗಿದಾಗ ಯಾರೂ ಕಿಟಕಿಗೆ ಕಂಬಳಿ ಕಟ್ಟಲಿಲ್ಲ.

ಆಪಾ ನನಗಿಂತ ಆರು ವರ್ಷ ದೊಡ್ಡವಳು. ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ ಓದಿದ ನಾನು ಎಂಟನೆಯದಕ್ಕೆ ಕನ್ನಡ ಹೈಸ್ಕೂಲು ಸೇರಿದಾಗ ನನ್ನ ಒತ್ತಕ್ಷರಗಳನ್ನು ತಿದ್ದಿಸಿದವಳು ಅವಳೇ. ಇಪ್ಪತ್ತೆರಡಕ್ಕೆ ಮದುವೆಯಾಗಿ ಮೂರನೆಯ ವರ್ಷಕ್ಕೆ ತವರಿಗೆ ಬಂದಳು. ಬಿಡಲು ಬಂದ ಅವಳ ಅತ್ತೆ ಜಗುಲಿಯಲ್ಲೇ ನಿಂತು ಹೇಳಿದ ದೂರು ಇನ್ನೂ ನೆನಪಿದೆ. 'ರಾತ್ರಿಯೆಲ್ಲ ಎದ್ದು ತಿರುಗುತ್ತಾಳೆ, ಹಗಲು ಹನ್ನೆರಡಾದರೂ ಏಳುವುದಿಲ್ಲ. ಸಂಸಾರ ಮಾಡುವ ಹೆಣ್ಣಿನ ಲಕ್ಷಣವೇ ಇದು?' ಗೋಡೆಯೊಳಗಿಂದ ಯಾರೋ ತನ್ನನ್ನು ಬೈಯುತ್ತಾರೆಂದು ಆಪಾ ಆ ಮನೆಯಲ್ಲಿ ಆಗಲೇ ಹೇಳತೊಡಗಿದ್ದಳಂತೆ. ಅದು ದೂರಿನಲ್ಲಿ ಎರಡನೆಯದು. ಮೊದಲನೆಯದು ನಿದ್ದೆ.

ನಾವೂ ಹಾಗೇ ನಡೆದುಕೊಂಡೆವು. ಕಾಯಿಲೆಯೆಂದು ಒಪ್ಪಿಕೊಂಡ ಮೇಲೂ ಅವಳ ಹಗಲು ನಿದ್ದೆಯನ್ನು ಮಾತ್ರ ಸೋಮಾರಿತನದ ಖಾತೆಗೆ ಬರೆದೆವು. ಒಂದು ಈದ್‌ನ ಹಿಂದಿನ ದಿನ, ಮನೆ ತುಂಬ ಕೆಲಸ ಬಿದ್ದಿರುವಾಗ, ಹನ್ನೊಂದು ಗಂಟೆಗೆ ನಾನು ಒಂದು ತಂಬಿಗೆ ನೀರು ತಂದು ಅವಳ ಮುಖಕ್ಕೆ ಸುರಿದೆ. ಅವಳು ಸಿಟ್ಟಾಗಲಿಲ್ಲ. ಒದ್ದೆ ಕೂದಲಿನಲ್ಲೇ ಎದ್ದು ಶಾವಿಗೆ ಹುರಿಯಲು ಕೂತಳು. ಅವಳು ಮಲಗಿದ್ದು ಆ ಬೆಳಿಗ್ಗೆ ಆರಕ್ಕೆ ಎಂದು ಅಮ್ಮಿ ಆಮೇಲೆ ಹೇಳಿದಳು. ನಾನು ಬರೆದ ಯಾವ ಕಥೆಯಲ್ಲೂ ಆ ತಂಬಿಗೆಯನ್ನು ತರಲು ನನಗೆ ಧೈರ್ಯವಾಗಿಲ್ಲ.

ಮೊದಲ ವರ್ಷಗಳ ಅಲೆದಾಟವನ್ನು ಬಹಳ ಬರೆಯುವುದಿಲ್ಲ. ಅನೇಕರ ಮನೆಯ ಕಥೆ ಅದು. ತಾಯಿತ, ಮಂತ್ರಿಸಿದ ನೀರು, ಕೊನೆಗೆ ಒಂದು ದರ್ಗಾ. ಅಲ್ಲಿ ಹನ್ನೊಂದು ರಾತ್ರಿ ಅವಳನ್ನು ಮಲಗಗೊಡದೆ ಕೂರಿಸಿದರು, ನಿದ್ದೆಯಲ್ಲೇ ಜಿನ್ನು ಹಿಡಿಯುತ್ತದೆಂದು. ನಿದ್ದೆಯಿಲ್ಲದ ಮಿದುಳು ಗಟ್ಟಿಮುಟ್ಟಾದವರಿಗೂ ಇಲ್ಲದ್ದನ್ನು ತೋರಿಸುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ಹನ್ನೆರಡನೆಯ ದಿನ ಅವಳು ನಮ್ಮ ಗುರುತೇ ಹಿಡಿಯದೆ ಕೂಗಾಡಿದಾಗ, ಜಿನ್ನು ಹೊರಬರುತ್ತಿದೆ ಎಂದು ಸಮಾಧಾನ ಹೇಳಿದರು. ಆ ಮೇಲೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಳಗಿನ ಜಾವ ಬೆಂಕಿ ಬಿದ್ದು, ಸರಪಳಿ ಬಿಗಿದಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. 28 ಜನ. ಪತ್ರಿಕೆ ಓದಿದ ಅಬ್ಬಾ ಮರುದಿನವೇ ರಜೆ ಹಾಕಿ ಆಪಾಳನ್ನು ಶಿವಮೊಗ್ಗದ ಮನೋವೈದ್ಯರ ಬಳಿ ಕರೆದೊಯ್ದರು. ಹೀಗೆ ಸರಪಳಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿತು. ಅಷ್ಟು ವರ್ಷ ಬೇಕಾಯಿತು.

ಸ್ಕಿಜೋಫ್ರೇನಿಯಾ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಹಾಗೆ. ಮಾತ್ರೆಯಿಂದ ಗೋಡೆಯ ದನಿ ತಗ್ಗಿತು. ಆದರೆ ರಾತ್ರಿ ಅವಳು ನಡೆಯುವುದು ಹೆಚ್ಚಾಯಿತು. ಕೂತರೆ ಕಾಲು ಕುಣಿಯುತ್ತಿತ್ತು, ಮಲಗಿದರೆ ಎದ್ದುಬಿಡುತ್ತಿದ್ದಳು, ನಡುಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ನಡುಮನೆಗೆ. ಕಾಯಿಲೆ ಏರಿತೆಂದು ತಿಳಿದು ನಾವೇ ಅಂಗಲಾಚಿ ಮಾತ್ರೆ ಹೆಚ್ಚು ಮಾಡಿಸಿದೆವು, ನಡಿಗೆಯೂ ಹೆಚ್ಚಾಯಿತು. ಅದು ಕಾಯಿಲೆಯಲ್ಲ, ಕೆಲವು ಔಷಧಗಳು ತರುವ ಚಡಪಡಿಕೆ, ಅಕಥೀಸಿಯಾ ಅನ್ನುತ್ತಾರೆ ಎಂದು ಹೇಳಿ ಔಷಧ ಬದಲಿಸಿದವರು ಆಮೇಲೆ ಸಿಕ್ಕ ಒಬ್ಬ ವೈದ್ಯೆ. ಇವತ್ತಿಗೂ ಆಪಾಳನ್ನು ನೋಡುತ್ತಿರುವವರು ಅವರೇ. ರಾತ್ರಿ ಎದ್ದು ತಿರುಗುವವರೆಲ್ಲ ಒಂದೇ ಕಾರಣಕ್ಕೆ ತಿರುಗುವುದಿಲ್ಲ ಎಂದು ನನಗೆ ಅಂದು ತಿಳಿಯಿತು.

ಅಬ್ಬಾ 2011ರಲ್ಲಿ ತೀರಿಕೊಂಡ ಮೇಲೆ ಅಮ್ಮಿ ಮತ್ತು ಆಪಾ ನನ್ನ ಮನೆಗೆ ಬಂದರು. ಹಗಲೆಲ್ಲ ಅಡುಗೆ, ಮಕ್ಕಳು, ಬಂದುಹೋಗುವವರು. ನನಗೆ ಬರೆಯಲು ಸಿಗುವುದು ರಾತ್ರಿ ಹನ್ನೊಂದರ ನಂತರವೇ. ಆಪಾಳ ಕೋಣೆಯಲ್ಲೇ ಟೇಬಲ್ ಹಾಕಿಕೊಂಡು ಟ್ಯೂಬ್‌ಲೈಟಿನಲ್ಲಿ ಬರೆಯುತ್ತಿದ್ದೆ. ಅವಳು ಗೋಡೆಗೆ ಒರಗಿ ನೋಡುತ್ತಿದ್ದಳು. ಒಂದಕ್ಕೋ ಎರಡಕ್ಕೋ ಇಬ್ಬರೂ ಚಹಾ ಮಾಡಿ ಕುಡಿಯುತ್ತಿದ್ದೆವು. ಅಕ್ಕನಿಗೆ ಜೊತೆಯಾಗಿದ್ದೇನೆ ಎಂಬ ಒಂದು ಬಗೆಯ ಹೆಮ್ಮೆಯೂ ನನಗಿತ್ತು.

2016ರ ರಂಜಾನ್ ಜೂನ್‌ನಲ್ಲಿ ಬಂತು. ಆಪಾ ಈ ಸಲ ರೋಜಾ ಹಿಡಿದೇ ತೀರುತ್ತೇನೆ ಎಂದಳು. ಕಾಯಿಲೆಯವರಿಗೆ ರಿಯಾಯಿತಿ ಇದೆ ಎಂದು ನಾನು ಹೇಳಿದೆ. 'ನನಗೇನಾಗಿದೆ? ಎರಡು ವರ್ಷದಿಂದ ಚೆನ್ನಾಗಿಲ್ಲವಾ?' ಎಂದಳು. ನಿಜಕ್ಕೂ ಚೆನ್ನಾಗಿದ್ದಳು. ನಾವು ವೈದ್ಯರನ್ನು ಕೇಳಲಿಲ್ಲ. ಒಂಬತ್ತಕ್ಕೆ ನುಂಗುತ್ತಿದ್ದ ಮಾತ್ರೆ ತರಾವೀಹ್ ಮುಗಿದ ಮೇಲೆ ಹನ್ನೊಂದಕ್ಕೆ ಹೋಯಿತು. ಅದರ ಮಂಪರಿನಲ್ಲಿ ಸಹರಿಗೆ ಏಳಲಾಗದೆ ಎರಡು ದಿನ ಬರಿಹೊಟ್ಟೆಯಲ್ಲಿ ರೋಜಾ ಇದ್ದಳು. ಮೂರನೆಯ ದಿನದಿಂದ ಅವಳು ಮಾತ್ರೆಯನ್ನೇ ದಿಂಬಿನಡಿ ಇಡತೊಡಗಿದ್ದಳು. ಅದು ನಮಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ.

ಬೇರೆ ತಿಂಗಳಾಗಿದ್ದರೆ ಮಧ್ಯರಾತ್ರಿಯ ದೀಪ ಕಂಡೇ ನಮಗೆ ಅನುಮಾನ ಬರುತ್ತಿತ್ತು. ಆದರೆ ಅದು ರಂಜಾನ್. ಯಾರ ಮನೆಯಲ್ಲಿ ದೀಪ ಆರುತ್ತದೆ? ಆಪಾ ಎರಡು ಗಂಟೆಗೆ ಕೂತು ತಸ್ಬೀಹ್ ಎಣಿಸುತ್ತಿದ್ದರೆ ಅಮ್ಮಿಯ ಕಣ್ಣಲ್ಲಿ ನೀರು ಬರುತ್ತಿತ್ತು, ಮಗಳು ಇಬಾದತ್‌ಗೆ ಮರಳಿದಳೆಂದು. ಇಡೀ ಮೊಹಲ್ಲಾ ಎದ್ದಿರುವಾಗ ಒಬ್ಬಳ ನಿದ್ದೆ ಹೋದದ್ದು ಯಾರಿಗೆ ಕಾಣಿಸಬೇಕು?

ಇಪ್ಪತ್ತಮೂರನೆಯ ರಾತ್ರಿ, ಸಹರಿಗೆ ಎಬ್ಬಿಸಲು ಮೈಕಿನಲ್ಲಿ ಕೂಗಿದವರು ತನ್ನ ಹೆಸರು ಹಿಡಿದು ಕರೆದರೆಂದು ಅವಳಿಗೆ ಕೇಳಿಸಿತು. ಚಪ್ಪಲಿಯಿಲ್ಲದೆ ಹೊರಟಳು. ಬೆಳಕು ಹರಿಯುವಾಗ ಭದ್ರಾ ಹೊಳೆಯ ಸೇತುವೆಯ ಮೇಲೆ ಕಟಾಂಜನ ಹಿಡಿದು ನಿಂತಿದ್ದಳು, ಮಳೆಯಲ್ಲಿ ತೊಯ್ದು. ಹಾಲಿನ ವ್ಯಾನಿನ ಹುಡುಗನೊಬ್ಬ ಗುರುತು ಹಿಡಿದು ಅಲ್ಲೇ ಮಾತಾಡಿಸುತ್ತ ನಿಂತು ಬೇರೊಬ್ಬರಿಂದ ನಮಗೆ ಫೋನ್ ಮಾಡಿಸಿದ. ಆ ಹುಡುಗ ಇಲ್ಲದಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು.

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ ದನಿಗಳ ಬಗ್ಗೆ ಆಗಿರಲಿಲ್ಲ. 'ಅವರು ಸರಿಯಾಗಿ ಮಲಗಿ ಎಷ್ಟು ದಿನವಾಯಿತು?' ಎಂದರು. ನಾನು ಅಮ್ಮಿಯ ಮುಖ ನೋಡಿದೆ, ಅಮ್ಮಿ ನನ್ನ ಮುಖ ನೋಡಿದಳು. ಅದೇ ಕೋಣೆಯಲ್ಲಿ ಕೂತು ಬರೆಯುವ ನನಗೆ ಉತ್ತರ ಗೊತ್ತಿರಲಿಲ್ಲ. ಕಾಯಿಲೆ ಮರುಕಳಿಸುವ ಮೊದಲು ಎಷ್ಟೋ ಜನರಲ್ಲಿ ನಿದ್ದೆ ಕೆಡುತ್ತದೆ, ದನಿಗಳಿಗಿಂತ ದಿನಗಳ ಮುಂಚೆಯೇ ಅದು ಸುದ್ದಿ ಕೊಡುತ್ತದೆ ಎಂದರು. ಬರೆದಿಡಿ ಎಂದರು. 'ಕಥೆ ಬರೆಯುತ್ತೀರಂತಲ್ಲ, ಇದನ್ನೂ ಬರೆಯಿರಿ.'

ಆಪಾ ಮೂರು ವಾರದ ಮೇಲೆ ಮನೆಗೆ ಬಂದಳು. ನಾನು ನೂರು ಪುಟದ ನೋಟ್‌ಬುಕ್ ತಂದೆ. ಮಲಗಿದ್ದು, ಎದ್ದದ್ದು, ಮಾತ್ರೆ, ಚಹಾ. ಮೂರು ತಿಂಗಳಾಗುವಾಗ ಪುಟ ತಿರುವಿ ನೋಡಿ ಬೆರಗಾದೆ. ಮನಸ್ಸಿಗೆ ಬಂದಂತೆ ಮಲಗುತ್ತಾಳೆ ಎಂದುಕೊಂಡಿದ್ದೆವಲ್ಲ, ಅದು ಸುಳ್ಳು. ಅದಕ್ಕೊಂದು ಕ್ರಮ ಇತ್ತು. ಮೊದಲ ವಾರ ನಿದ್ದೆ ಬಂದದ್ದು ಹನ್ನೊಂದಕ್ಕೆ, ಮುಂದಿನ ವಾರ ಒಂದಕ್ಕೆ, ಆಮೇಲೆ ಮೂರಕ್ಕೆ, ಐದಕ್ಕೆ. ಹೀಗೇ ಜಾರುತ್ತ ಹಗಲನ್ನು ದಾಟಿ ಮತ್ತೆ ರಾತ್ರಿಗೆ ಬಂದಿತ್ತು.

ವೈದ್ಯೆ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಎರಡು ಕಣ್ಣಿನ ನರಗಳು ಮಿದುಳಿನಲ್ಲಿ ಕೂಡಿ ಹಾಯುವ ಜಾಗಕ್ಕೆ ತುಸು ಮೇಲೆ ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪು ಇದೆ. ದೇಹದ ಗಡಿಯಾರ ಅದು. ಅದರ ದಿನ 24 ಗಂಟೆಗಿಂತ ಸ್ವಲ್ಪ ಉದ್ದ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ದಿನವೂ ಸರಿಹೊಂದುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನು ಒಸರಿ ದೇಹಕ್ಕೆ ರಾತ್ರಿಯಾಯಿತೆಂದು ಸಾರುತ್ತದೆ. ಮನೆಯಿಂದ ಹೊರಬೀಳದ, ಬೆಳಗನ್ನು ಕಾಣದ, ಮಧ್ಯರಾತ್ರಿ ಟ್ಯೂಬ್‌ಲೈಟಿನ ಎದುರು ಕೂತಿರುವ ಹೆಂಗಸಿನ ಗಡಿಯಾರವನ್ನು ತಿದ್ದುವವರು ಯಾರು? ಟ್ಯೂಬ್‌ಲೈಟ್ ಎಂದಾಗ ನಾನು ತಲೆ ತಗ್ಗಿಸಿದೆ.

ಕೆಲಸವಿಲ್ಲದೆ ಮನೆಯಲ್ಲಿರುವುದರಿಂದ ಹೀಗಾಗುತ್ತದೆ, ಮಾತ್ರೆಯಿಂದ ಹೀಗಾಗುತ್ತದೆ ಎಂದು ಹೇಳುವವರು ಬಹಳ ಜನ. ನಾನೂ ಹೇಳುತ್ತಿದ್ದೆ. ಆಕ್ಸ್‌ಫರ್ಡ್‌ನ ಕಾಥರೀನಾ ವುಲ್ಫ್, ರಸಲ್ ಫಾಸ್ಟರ್ ಮತ್ತು ಸಂಗಡಿಗರ ಅಧ್ಯಯನವೊಂದು 2012ರಲ್ಲಿ ಪ್ರಕಟವಾಗಿದೆ. ಸ್ಕಿಜೋಫ್ರೇನಿಯಾ ಇರುವ 20 ಜನರ ಕೈಗೆ ಗಡಿಯಾರದಂಥ ಉಪಕರಣ ಕಟ್ಟಿ ಆರು ವಾರ ಅವರ ನಿದ್ದೆ, ಎಚ್ಚರ ಅಳೆದರು. ಹೋಲಿಕೆಗೆ ಅವರು ಆರಿಸಿಕೊಂಡದ್ದು ಕೆಲಸವಿಲ್ಲದ 21 ಆರೋಗ್ಯವಂತರನ್ನು, ಇದೇ ಪ್ರಶ್ನೆ ಏಳುತ್ತದೆಂದು. ಔಷಧದಲ್ಲಿ ಮನಸ್ಸು ಸ್ಥಿಮಿತವಾಗಿದ್ದರೂ ಆ 20 ಜನರಲ್ಲಿ ಒಬ್ಬೊಬ್ಬರ ನಿದ್ದೆಯೂ ಕೆಟ್ಟಿತ್ತು. ಅವರಲ್ಲಿ ಅರ್ಧ ಜನರ ದೇಹದ ಗಡಿಯಾರವೇ ತೀವ್ರವಾಗಿ ತಪ್ಪಿತ್ತು. ಕೆಲವರದು ಆಪಾಳ ಹಾಗೆ 24 ಗಂಟೆಯ ಲೆಕ್ಕವನ್ನೇ ಬಿಟ್ಟಿತ್ತು. ಇದನ್ನು ಅಮ್ಮಿಗೆ ಓದಿ ಹೇಳಿದೆ. ಅಮ್ಮಿ ಬಹಳ ಹೊತ್ತು ಸುಮ್ಮನಿದ್ದು, 'ಅವಳ ಅತ್ತೆಗೆ ಯಾರಾದರೂ ಹೇಳಬೇಕಿತ್ತು' ಎಂದಳು.

ಇನ್ನೊಂದು ಅಧ್ಯಯನ 2017ರದು. ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಬ್ರಿಟನ್ನಿನ ವಿಶ್ವವಿದ್ಯಾಲಯಗಳ, ನಿದ್ದೆ ಬಾರದ 3,755 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ನಿದ್ದೆಯ ಚಿಕಿತ್ಸೆ ಕೊಟ್ಟರು. ಮಾತ್ರೆಯಲ್ಲ, ಮಲಗುವ ಅಭ್ಯಾಸ ಮತ್ತು ಯೋಚನೆ ತಿದ್ದುವ ಚಿಕಿತ್ಸೆ. ಅವರ ನಿದ್ದೆ ಸುಧಾರಿಸಿತು. ಜೊತೆಗೆ ಬೇರೆಯವರ ಮೇಲಿನ ಅನುಮಾನ, ಇಲ್ಲದ್ದು ಕೇಳಿಸುವುದು, ಕಾಣಿಸುವುದು ಸ್ವಲ್ಪವಾದರೂ ತಗ್ಗಿತು. ಅವರು ಸ್ಕಿಜೋಫ್ರೇನಿಯಾ ರೋಗಿಗಳಲ್ಲ, ಸುಧಾರಣೆ ದೊಡ್ಡದೂ ಅಲ್ಲ. ನಿದ್ದೆ ಸರಿಮಾಡಿದರೆ ಕಾಯಿಲೆ ವಾಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮಾತ್ರೆಯನ್ನಂತೂ ಬಿಡಲೇಬೇಡಿ. ಆದರೆ ನಿದ್ದೆ ಕಾಯಿಲೆಯ ಬಾಲವಷ್ಟೇ ಅಲ್ಲ, ಅದು ಕಾಯಿಲೆಯನ್ನು ಎಳೆದೂ ತರಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ನಾವು ಮಾಡಿದ್ದು ದೊಡ್ಡದೇನಲ್ಲ. ಮಾತ್ರೆಯ ಹೊತ್ತನ್ನು ವೈದ್ಯೆ ಎಂಟು ಗಂಟೆಗೆ ತಂದರು. ಬೂತಿನಿಂದ ಹಾಲು ತರುವ ಕೆಲಸ ಆಪಾಳದಾಯಿತು. ಬೆಳಿಗ್ಗೆ ಆರೂವರೆಗೆ ಹೊರಡಲೇಬೇಕು, ರಾತ್ರಿ ಎಷ್ಟೊತ್ತಿಗೆ ಮಲಗಿರಲಿ. ಮೊದಲ ತಿಂಗಳು ನಾನೂ ಜೊತೆಗೆ ಹೋದೆ. ಆಮೇಲೆ ಮಹಡಿಯ ಮೇಲೆ ಒಂದು ಗಂಟೆ, ಮಳೆಗಾಲದಲ್ಲಿ ಶೀಟಿನಡಿ ಕುರ್ಚಿ ಹಾಕಿ. ಮಗ್ರಿಬ್ ಆದ ಮೇಲೆ ಚಹಾ ಇಲ್ಲ. ನನ್ನ ಟೇಬಲ್ಲು ಅಡುಗೆಮನೆಗೆ ಹೋಯಿತು. ನೆಟ್ಟಗಾಯಿತೇ? ಪೂರ್ತಿ ಇಲ್ಲ. ಜಾರುವುದು ನಿಧಾನವಾಯಿತು, ಕೆಲವು ತಿಂಗಳು ನಿಂತೇ ಹೋಗುತ್ತದೆ, ಮೋಡ ಕವಿದ ಜುಲೈಯಲ್ಲಿ ಮತ್ತೆ ಜಾರುತ್ತದೆ. ದಪ್ಪಗಾದ ಮೇಲೆ ಗೊರಕೆ ಶುರುವಾದಾಗ ಅದನ್ನೂ ತೋರಿಸಿದೆವು, ಏಕೆಂದರೆ ಈ ಮಾತ್ರೆಗಳಲ್ಲಿ ಕೆಲವು ತೂಕ ಏರಿಸುತ್ತವೆ, ತೂಕ ಏರಿದವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವುದುಂಟು. 2016ರ ನಂತರ ಆಸ್ಪತ್ರೆಯಲ್ಲಿ ಮಲಗಿಸಬೇಕಾದ ಪ್ರಸಂಗ ಬಂದಿಲ್ಲ. ಎರಡು ಸಲ ನೋಟ್‌ಬುಕ್ ನೋಡಿಯೇ ಸೀದಾ ವೈದ್ಯೆಗೆ ಫೋನ್ ಮಾಡಿದ್ದೇನೆ.

ಕಷ್ಟವಾಗುವುದು ರಂಜಾನ್‌ನಲ್ಲಿ. ಆಪಾ ಈಗ ರೋಜಾ ಇರುವುದಿಲ್ಲ, ಅವಳ ಪರವಾಗಿ ಫಿದಿಯಾ ಕೊಡುತ್ತೇವೆ. ಸಹರಿಗೆ ತಟ್ಟೆ ಸದ್ದಾಗದ ಹಾಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಉಣ್ಣುತ್ತೇವೆ. ಅಮ್ಮಿಗೆ ಇದು ಇನ್ನೂ ಒಪ್ಪಿಗೆಯಿಲ್ಲ. 'ಅಲ್ಲಾಹನ ತಿಂಗಳಲ್ಲಿ ಮಗಳನ್ನು ಹೊರಗಿಟ್ಟ ಹಾಗಾಯಿತು' ಎನ್ನುತ್ತಾಳೆ. ಮೂವರ ಮೇಲೆ ಲೇಖನಿ ಓಡುವುದಿಲ್ಲ ಎಂಬ ಹದೀಸನ್ನು ನಾನು ನೆನಪಿಸುತ್ತೇನೆ. ಮಗು, ಬುದ್ಧಿ ಕಳೆದುಕೊಂಡವರು, ನಿದ್ದೆಯಲ್ಲಿರುವವರು. ಕಳೆದ ಸಲ ಹಾಗೆಂದಾಗ ಆಪಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. 'ನಾನು ಅದರಲ್ಲಿ ಎಷ್ಟನೆಯವಳು?' ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳೇ, 'ನಿದ್ದೆಯವರಲ್ಲಿ ಸೇರಿಸು, ಅದನ್ನಾದರೆ ದಿನಾ ಬರೆದಿಡುತ್ತಿದ್ದೀಯಲ್ಲ' ಎಂದು ಒಳಗೆ ಹೋದಳು. ಅದು ಹಾಸ್ಯವೋ ನೋವೋ ತಿಳಿಯಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ನಡೆಯುತ್ತಿರುವುದು ಹನ್ನೊಂದನೆಯ ನೋಟ್‌ಬುಕ್. ಹೋದ ವಾರ ಅದು ಟೇಬಲ್ಲಿನಿಂದ ಬಿದ್ದು ಹಿಂದಿನ ಪುಟ ತೆರೆದುಕೊಂಡಿತು. ಅಲ್ಲಿಂದ ಬಲಗಡೆಗೆ ಶುರುಮಾಡಿ ಆಪಾ ಉರ್ದುವಿನಲ್ಲಿ ಬರೆದಿದ್ದಾಳೆ, ತಾರೀಖು ಹಾಕಿ, ನನ್ನ ಹಾಗೆಯೇ ಗೆರೆ ಎಳೆದು. ಅವು ನನ್ನ ರಾತ್ರಿಗಳು. ಅಡುಗೆಮನೆಯ ದೀಪ ಆರಿದ್ದು ಒಂದೂವರೆ. ಆರಿದ್ದು ಎರಡು. ಆರಿದ್ದು ಎರಡೂ ಕಾಲು, ಒಲೆ ಹಚ್ಚಿದ ಸದ್ದು, ಚಹಾ. ಮೂರು ವಾರದ ಲೆಕ್ಕ ಇದೆ. ಅಷ್ಟು ಹೊತ್ತಿಗೆ ಅವಳು ಎದ್ದಿದ್ದಳು ಎಂಬುದೂ ಅದರಿಂದ ಗೊತ್ತಾಗುತ್ತದೆ, ನನ್ನ ಕಡೆಯ ಪುಟಗಳಲ್ಲಿ ಅದು ಇಲ್ಲ. ಬೆಳಿಗ್ಗೆ ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಎರಡೂ ಕಡೆಯ ಪುಟಗಳನ್ನು ತೆಗೆದುಕೊಂಡು ಬುಧವಾರ ಬನ್ನಿ ಎಂದಿದ್ದಾರೆ.