ಮುಂದಿನ ಬಂಕ್ 365 ಕಿಲೋಮೀಟರು

ಮನಾಲಿಯಿಂದ ಲೇಹ್‌ಗೆ ಹೊರಟ ಬೈಕ್ ಸವಾರರು ತಾಂಡಿಯಲ್ಲಿ ನಿಲ್ಲದೆ ಹೋಗುವುದಿಲ್ಲ. ಹಿಮಾಚಲದ ಲಾಹೌಲ್ ಸೀಮೆಯ ಈ ಪುಟ್ಟ ಊರಿನಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುತ್ತವೆ. ಮುಂದೆ ಅದೇ ನೀರು ಚಿನಾಬ್. ಆದರೆ ಸವಾರರು ನಿಲ್ಲುವುದು ಸಂಗಮ ನೋಡಲಲ್ಲ, ಪೆಟ್ರೋಲ್ ಬಂಕ್‌ಗಾಗಿ. ಮುಂದಿನ ಬಂಕ್ 365 ಕಿ.ಮೀ. ದೂರ ಎಂದು ಸಾರುವ ಅಲ್ಲಿನ ಫಲಕದ ಮುಂದೆ ಎಷ್ಟೋ ಮಂದಿ ಫೋಟೊ ತೆಗೆಸಿಕೊಂಡಿದ್ದಾರೆ. ಲೆಕ್ಕ ಹಾಕಿದವರು ಅಷ್ಟಿಲ್ಲ.

ಲೆಕ್ಕ ಏಳನೇ ತರಗತಿಯದು. ಟ್ಯಾಂಕಿನಲ್ಲಿ 13 ಲೀಟರ್, ಲೀಟರಿಗೆ 35 ಕಿ.ಮೀ. ಮೈಲೇಜ್ ಎಂದರೆ 455 ಕಿ.ಮೀ. ಓಡಬೇಕು. ಆದರೆ 35 ಎಂಬುದು ಊರಿನ ರಸ್ತೆಯ ಮಾತು. ಇಬ್ಬರು ಕುಳಿತು, ಗಂಟುಮೂಟೆ ಕಟ್ಟಿ, ಏರುದಾರಿಯನ್ನು ಎರಡನೇ ಗೇರಿನಲ್ಲಿ ಹತ್ತಿದಾಗ ಅದು 25ಕ್ಕೆ ಇಳಿದರೆ? 325 ಕಿ.ಮೀ.ಗೆ ಟ್ಯಾಂಕ್ ಖಾಲಿ. 'ರಿಸರ್ವ್ ಇದೆಯಲ್ಲ' ಎನ್ನುವವರುಂಟು. ರಿಸರ್ವ್ ಬೇರೆ ಪೆಟ್ರೋಲ್ ಅಲ್ಲ, ಆ 13 ಲೀಟರಿನ ತಳಭಾಗವೇ. ಹಳೆಯ ಬೈಕುಗಳ ಟ್ಯಾಂಕಿನೊಳಗೆ ಒಂದು ಕೊಳವೆ ಎತ್ತರಕ್ಕೂ ಇನ್ನೊಂದು ರಂಧ್ರ ತಳಕ್ಕೂ ಇರುತ್ತದೆ. ಗುಬುಟು ತಿರುಗಿಸಿದರೆ ತಳದ್ದು ತೆರೆಯುತ್ತದೆ, ಅಷ್ಟೇ.

ಈ ದಾರಿಯ ಅತಿ ಎತ್ತರದ ಜಾಗ ತಂಗ್ಲಾಂಗ್ ಲಾ, ಸುಮಾರು 5,300 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು. ಎಂಜಿನ್ ಪ್ರತಿ ಸಲ ಎಳೆದುಕೊಳ್ಳುವ ಗಾಳಿ ಗಾತ್ರದಲ್ಲಿ ಅಷ್ಟೇ, ತೂಕದಲ್ಲಿ ಕಡಿಮೆ. ಕಾರ್ಬುರೇಟರ್ ಮಾತ್ರ ಪೆಟ್ರೋಲನ್ನು ಅದೇ ಪ್ರಮಾಣದಲ್ಲಿ ತಗ್ಗಿಸುವುದಿಲ್ಲ. ಉರಿಯದ ಪೆಟ್ರೋಲ್ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ, ಶಕ್ತಿಯೂ ಕುಗ್ಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಹೊಸ ಬೈಕುಗಳು ಗಾಳಿಯನ್ನು ಅಳೆದು ಪೆಟ್ರೋಲ್ ಕಡಿಮೆ ಮಾಡುತ್ತವೆ. ಹೊಗೆ ನಿಲ್ಲುತ್ತದೆ; ಕಳೆದುಹೋದ ಶಕ್ತಿ ಮಾತ್ರ ಮರಳಿ ಬರುವುದಿಲ್ಲ.

ಆದ್ದರಿಂದಲೇ ಬಲ್ಲವರು ಐದು ಲೀಟರಿನ ಕ್ಯಾನ್ ಕಟ್ಟಿಕೊಳ್ಳುತ್ತಾರೆ. ಅದನ್ನು ಕಂಠಮಟ್ಟ ತುಂಬಬಾರದು. ಕೆಳಗೆ ಬಿಗಿದ ಮುಚ್ಚಳ ಮೇಲೆ ಹೋದಂತೆ, ಚಿಪ್ಸ್ ಪೊಟ್ಟಣ ಉಬ್ಬುವ ಹಾಗೆ, ಕ್ಯಾನ್ ಉಬ್ಬುತ್ತದೆ. ನಿಧಾನವಾಗಿ ತೆರೆಯಬೇಕು, ಬೀಡಿ ಸಿಗರೇಟು ದೂರವಿರಬೇಕು.

ಬಾರಾಲಾಚಾ ದಾಟಿ ಸರ್ಚು ಹಿಂದಾದ ಮೇಲೆ ಗಾಟಾ ಲೂಪ್ಸ್‌ನ 21 ತಿರುವುಗಳು. ಅಲ್ಲೊಂದು ಪುಟ್ಟ ಗುಡಿ, ಸುತ್ತ ರಾಶಿ ರಾಶಿ ನೀರಿನ ಬಾಟಲಿ. ಕೆಟ್ಟು ನಿಂತ ಲಾರಿ ಕಾಯುತ್ತಾ ಉಳಿದ ಕ್ಲೀನರ್, ಹಿಮ ಬಿದ್ದು ದಾರಿ ಮುಚ್ಚಿದ್ದರಿಂದ ಸಹಾಯ ತಲುಪದೆ ಬಾಯಾರಿ ಸತ್ತನೆಂದು ಚಾಲಕರು ಹೇಳುತ್ತಾರೆ. ಕಥೆ ಎಷ್ಟು ನಿಜವೋ, ವಾಹನ ನಿಂತುಹೋಗುವ ಭಯವಂತೂ ಸುಳ್ಳಲ್ಲ. ಬೇಸಿಗೆಯಲ್ಲೂ ಇಲ್ಲಿ ಸಂಜೆಯಾದರೆ ಚಳಿ ಮೂಳೆಗೆ ತಾಗುತ್ತದೆ.

ಪಾಂಗ್ ಬಿಟ್ಟರೆ ಮೋರೆ ಬಯಲು, ಸುಮಾರು 40 ಕಿ.ಮೀ. ಚಪ್ಪಟೆ ನೆಲ. ಇಲ್ಲಿ ವೇಗದ ಆಸೆ ಹುಟ್ಟುತ್ತದೆ, ಮಿಕ್ಕ ಪೆಟ್ರೋಲ್ ಇಲ್ಲಿಯೇ ಪೋಲಾಗುತ್ತದೆ. ಆಮೇಲೆ ತಂಗ್ಲಾಂಗ್ ಲಾ, ಆಮೇಲೆ ಸಿಂಧೂ ದಂಡೆ. ಲೇಹ್‌ಗೆ ಇನ್ನೂ ಸುಮಾರು 35 ಕಿ.ಮೀ. ಇರುವಾಗ ಬರುವ ಊರಿನ ಹೆಸರು ಕಾರು! ಅಲ್ಲಿನ ಬಂಕಿನಲ್ಲಿ ಸವಾರರು ಬೈಕನ್ನು ಅತ್ತಿತ್ತ ಅಲ್ಲಾಡಿಸಿ, ಟ್ಯಾಂಕಿಗೆ ಕಿವಿಗೊಟ್ಟು, ತಳದಲ್ಲಿ ಇನ್ನೆಷ್ಟು ಉಳಿದಿತ್ತೆಂದು ಕೇಳಿಸಿಕೊಳ್ಳುತ್ತಾರೆ.